ನಾಯಿಯ ಕಣ್ಣಿಗೆ ಇರುಳಾಗುವ ಮುನ್ನ

ಕಾಪುವಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಹೆದ್ದಾರಿಯಿಂದ ಕಡಲ ಕಡೆಗೆ ಇಳಿಯುವ ದಾರಿಯಲ್ಲಿ, ತೆಂಗಿನ ತೋಟದ ನಡುವೆ ಹಂಚಿನ ಮನೆ. ಅಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಅವನಿಗೊಂದು ಐದು ವರ್ಷದ ಲ್ಯಾಬ್ರಡಾರ್ ನಾಯಿ, ಹೆಸರು ಬ್ರೂನೋ. ಶಾಲೆ ಬಿಟ್ಟು ಬಂದ ಮೇಲೆ ಇಬ್ಬರೂ ಸಮುದ್ರ ದಂಡೆಗೆ ಹೋಗುವುದು, ಅಲೆಯತ್ತ ಎಸೆದ ಚೆಂಡನ್ನು ಬ್ರೂನೋ ಓಡಿ ತರುವುದು ದಿನನಿತ್ಯದ ಕ್ರಮ. 1901ರಿಂದ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭ ಬೆಳಗುವ ಹೊತ್ತಿಗೆ ಇಬ್ಬರೂ ಮನೆಗೆ ವಾಪಸು.

ಈಚೆಗೆ ಕೆಲವು ತಿಂಗಳಿಂದ ಬ್ರೂನೋ ಹೊತ್ತು ಮುಳುಗಿದ ಮೇಲೆ ಅಂಗಳಕ್ಕೂ ಇಳಿಯುವುದಿಲ್ಲ. ಮೆಟ್ಟಿಲ ಬಳಿ ಬಂದು ಕಾಲು ಮುಂದಿಟ್ಟು, ಮತ್ತೆ ಹಿಂದೆಗೆಯುತ್ತದೆ. ಹಗಲಿನಲ್ಲಿ ಚೆಂಡನ್ನು ಗಾಳಿಯಲ್ಲೇ ಹಿಡಿಯುವ ನಾಯಿ ರಾತ್ರಿ ತುಳಸಿಕಟ್ಟೆಗೆ ಢಿಕ್ಕಿ ಹೊಡೆಯುತ್ತದೆ.

"ಎಂತ ಆಯ್ತಮ್ಮ ಇದಕ್ಕೆ?" ಎಂದು ಹುಡುಗ ಕೇಳುತ್ತಾನೆ.

"ಎಂತ ಆಗಲಿಲ್ಲ ಮಗ. ತಿಂದು ತಿಂದು ಸೋಮಾರಿ ಆಗಿದೆ ಅಷ್ಟೆ" ಎನ್ನುತ್ತಾರೆ ಅಮ್ಮ.

ಒಂದು ರಾತ್ರಿ ಕರೆಂಟು ಹೋದಾಗ ಹುಡುಗ ಟಾರ್ಚು ಹಾಕುತ್ತಾನೆ. ಬ್ರೂನೋವಿನ ಎರಡೂ ಕಣ್ಣುಗಳು ಹಿಂದೆಂದೂ ಇಲ್ಲದಷ್ಟು ಜೋರಾಗಿ ಹೊಳೆಯುತ್ತವೆ. ಬೆಳಕು ನೇರ ಬಿದ್ದರೂ ಕಣ್ಣುಪಾಪೆ ಕಿರಿದಾಗುವುದಿಲ್ಲ.

ಮನೆ ಕಲ್ಪಿತ, ಹುಡುಗನೂ ಕಲ್ಪಿತ. ರೋಗ ಮಾತ್ರ ನಿಜವಾದದ್ದು. ಪಶುವೈದ್ಯರು ಇದನ್ನು ಪ್ರೋಗ್ರೆಸಿವ್ ರೆಟಿನಲ್ ಅಟ್ರೋಫಿ, ಚಿಕ್ಕದಾಗಿ ಪಿ.ಆರ್.ಎ. ಎನ್ನುತ್ತಾರೆ. ಕಣ್ಣಿನ ಒಳಗೋಡೆಯಾದ ಅಕ್ಷಿಪಟಲ ನಿಧಾನವಾಗಿ ಸವೆದು ಹೋಗುವ ರೋಗ ಇದು. ಸೋಂಕಿನಿಂದ ಬಂದದ್ದಲ್ಲ, ಪೆಟ್ಟಿನಿಂದ ಬಂದದ್ದಲ್ಲ. ತಂದೆ ತಾಯಿ ಇಬ್ಬರಿಂದಲೂ ಬಂದದ್ದು. ಹುಟ್ಟುವಾಗಲೇ ಒಳಗಿತ್ತು, ಐದು ವರ್ಷದ ಬಳಿಕ ಹೊರಗೆ ಕಂಡಿತು. ಆ ಐದು ವರ್ಷಗಳ ನಡುವೆ ಏನೇನು ಆಗಿ ಹೋಗಿರಬಹುದು ಎಂಬುದೇ ಈ ರೋಗದ ಮುಖ್ಯ ಸಮಸ್ಯೆ.

ಮೊದಲು ಇರುಳು, ಆಮೇಲೆ ಹಗಲು

ಶಾಲೆಯ ಜೀವಶಾಸ್ತ್ರದ ಪಾಠವನ್ನು ಒಮ್ಮೆ ನೆನಪಿಸಿಕೊಳ್ಳೋಣ. ಅಕ್ಷಿಪಟಲದಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಎರಡು ಬಗೆ. ಸರಳಿನಾಕಾರದವು ಮಂದ ಬೆಳಕಿಗೆ, ಶಂಕುವಿನಾಕಾರದವು ಪ್ರಖರ ಬೆಳಕಿಗೆ ಮತ್ತು ಬಣ್ಣಕ್ಕೆ. ನಾಯಿಯ ಕಣ್ಣಿನಲ್ಲಿ ಸರಳು ಕೋಶಗಳೇ ಬಹಳ ಹೆಚ್ಚು. ಕತ್ತಲಲ್ಲಿ ಅದು ನಮಗಿಂತ ಚೆನ್ನಾಗಿ ನೋಡುವುದು ಅದಕ್ಕೇ. ಸಾಲದೆಂಬಂತೆ ಅಕ್ಷಿಪಟಲದ ಹಿಂದೆ ಕನ್ನಡಿಯಂತಹ ಒಂದು ಪದರವೂ ಉಂಟು. ಒಮ್ಮೆ ಒಳಗೆ ಬಂದ ಬೆಳಕನ್ನು ಅದು ಮತ್ತೆ ಕೋಶಗಳತ್ತ ತಿರುಗಿಸುತ್ತದೆ. ರಾತ್ರಿ ಬಸ್ಸಿನ ದೀಪ ಬಿದ್ದಾಗ ದಾರಿಬದಿಯ ನಾಯಿಯ ಕಣ್ಣು ಹಸಿರಾಗಿ ಹೊಳೆಯುವುದನ್ನು ನೋಡಿದ್ದೀರಲ್ಲ, ಅದು ಆ ಪದರದ ಕೆಲಸ.

ಪಿ.ಆರ್.ಎ. ರೋಗದಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ಸರಳು ಕೋಶಗಳು. ಹಾಗಾಗಿ ಮೊದಲು ಹೋಗುವುದು ಇರುಳಿನ ದೃಷ್ಟಿ. ಕೆಲವು ತಿಂಗಳು ಅಥವಾ ವರ್ಷಗಳ ಬಳಿಕ ಶಂಕು ಕೋಶಗಳೂ ಸಾಯುತ್ತವೆ, ಹಗಲೂ ಕತ್ತಲಾಗುತ್ತದೆ. ಅಕ್ಷಿಪಟಲ ತೆಳುವಾದಷ್ಟೂ ಹಿಂದಿನ ಕನ್ನಡಿ ಪದರ ಹೆಚ್ಚು ನಿಚ್ಚಳವಾಗಿ ಪ್ರತಿಫಲಿಸುತ್ತದೆ. ಬ್ರೂನೋವಿನ ಕಣ್ಣು ಅಷ್ಟು ಜೋರಾಗಿ ಹೊಳೆದದ್ದು ಆರೋಗ್ಯದ ಲಕ್ಷಣವಾಗಿರಲಿಲ್ಲ.

ಇರುಳುಗುರುಡು ಎಂದ ಕೂಡಲೇ ವಿದ್ಯಾರ್ಥಿಗಳಿಗೆ ನೆನಪಾಗುವುದು 'ಎ' ಜೀವಸತ್ವದ ಕೊರತೆ. ಮಕ್ಕಳಲ್ಲಿ ಹಾಗೆ ಬಂದ ಇರುಳುಗುರುಡು ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಗುಣವಾಗುತ್ತದೆ. ಆದರೆ ವಂಶದಿಂದ ಬಂದ ಇರುಳುಗುರುಡಿಗೆ ಕ್ಯಾರೆಟ್ಟು, ನುಗ್ಗೆಸೊಪ್ಪು, ಮೀನೆಣ್ಣೆ ಯಾವುದೂ ಮದ್ದಲ್ಲ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ನಾಯಿಯ ಈ ರೋಗಕ್ಕೆ ಇಂದಿಗೂ ಪಶು ಆಸ್ಪತ್ರೆಯಲ್ಲಿ ಬರೆದುಕೊಡುವಂತಹ ಔಷಧಿ ಇಲ್ಲ. ಸಮಾಧಾನದ ಸಂಗತಿಯೆಂದರೆ ಇದರಿಂದ ನಾಯಿಗೆ ನೋವಾಗುವುದಿಲ್ಲ.

ನೂಲಿನಂತೆ ಸೀರೆ, ಆದರೆ...

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆ ನಮ್ಮಲ್ಲಿದೆ. ವಂಶದ ರೋಗವೆಂದರೆ ತಾಯಿಗೋ ತಂದೆಗೋ ಇದ್ದೇ ಇರಬೇಕು ಎಂದು ನಾವು ತಿಳಿಯುವುದು ಅದಕ್ಕೇ. ಪಿ.ಆರ್.ಎ. ಈ ಗಾದೆಗೆ ಸಿಕ್ಕುವುದಿಲ್ಲ. ಇದರ ಹೆಚ್ಚಿನ ಬಗೆಗಳಲ್ಲಿ ದೋಷವಿರುವ ವಂಶವಾಹಿ ದುರ್ಬಲ ಗುಣದ್ದು. ನಾಯಿಗೆ ಪ್ರತಿಯೊಂದು ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ಒಂದು ತಂದೆಯದು, ಒಂದು ತಾಯಿಯದು. ಎರಡೂ ಕೆಟ್ಟಿದ್ದರೆ ಮಾತ್ರ ರೋಗ. ಒಂದೇ ಕೆಟ್ಟಿದ್ದರೆ ನಾಯಿಯ ಕಣ್ಣು ಜೀವನಪೂರ್ತಿ ಚೆನ್ನಾಗಿಯೇ ಇರುತ್ತದೆ. ಆದರೆ ಅದು ದೋಷವನ್ನು ಹೊತ್ತು ತಿರುಗುವ 'ವಾಹಕ'.

ಎರಡು ವಾಹಕಗಳು ಕೂಡಿದರೆ ಏನಾಗುತ್ತದೆ? ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿ ನೋಡಿ. ಎರಡೂ ತಲೆ ಬೀಳುವ ಸಂಭವ ನಾಲ್ಕರಲ್ಲಿ ಒಂದು, ಎರಡೂ ಬಾಲ ಬೀಳುವುದು ನಾಲ್ಕರಲ್ಲಿ ಒಂದು, ಒಂದು ತಲೆ ಒಂದು ಬಾಲ ನಾಲ್ಕರಲ್ಲಿ ಎರಡು. ಹಾಗೆಯೇ ಮರಿಗಳಲ್ಲಿ ಸರಾಸರಿ ಕಾಲು ಭಾಗ ಪೂರ್ತಿ ಚೆನ್ನ, ಅರ್ಧ ಭಾಗ ವಾಹಕ, ಇನ್ನು ಕಾಲು ಭಾಗಕ್ಕೆ ರೋಗ. ಬಟಾಣಿ ಗಿಡದಲ್ಲಿ ಮೆಂಡಲ್ ಕಂಡ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ.

ಈಗ ಲೆಕ್ಕವನ್ನು ನಮ್ಮ ಊರುಗಳಿಗೆ ಹಾಕೋಣ. ಮಣಿಪಾಲದಲ್ಲಿ ಎರಡು ವರ್ಷದ, ಬಹಳ ಚೆಂದದ ಒಂದು ಗಂಡು ಲ್ಯಾಬ್ರಡಾರ್ ಇದೆ ಎನ್ನಿ. ಅದರ ಎರಡೂ ಪ್ರತಿಗಳು ಕೆಟ್ಟಿವೆ, ಆದರೆ ಕಣ್ಣಿನ್ನೂ ಕೆಟ್ಟಿಲ್ಲ. ನೋಡಿದವರೆಲ್ಲ ತಮ್ಮ ಹೆಣ್ಣು ನಾಯಿಗೆ ಅದರಿಂದಲೇ ಕ್ರಾಸಿಂಗ್ ಮಾಡಿಸುತ್ತಾರೆ. ಮೂರು ವರ್ಷಗಳಲ್ಲಿ ಆರು ಸೂಲು, ಸೂಲಿಗೆ ಏಳರಂತೆ 42 ಮರಿಗಳು. ಕೆಲವು ಉಡುಪಿಗೆ, ಕೆಲವು ಕಾಪುವಿಗೆ, ಕೆಲವು ಕಾರ್ಕಳಕ್ಕೆ ಹೋಗುತ್ತವೆ. ತಾಯಂದಿರ ಎರಡೂ ಪ್ರತಿಗಳು ಚೆನ್ನಾಗಿದ್ದರೂ ಈ 42ರಲ್ಲಿ ಪ್ರತಿಯೊಂದು ಮರಿಯೂ ವಾಹಕವೇ. ಐದನೆಯ ವರ್ಷದಲ್ಲಿ ಗಂಡು ನಾಯಿ ಗೋಡೆಗೆ ತಾಗುತ್ತ ನಡೆಯತೊಡಗಿದಾಗ ಯಜಮಾನನಿಗೆ ವಿಷಯ ತಿಳಿಯುತ್ತದೆ. ಅಷ್ಟರಲ್ಲಿ ಮರಿಗಳು ದೊಡ್ಡವಾಗಿವೆ. ಕಾಪುವಿನ ಗಂಡಿಗೂ ಕಾರ್ಕಳದ ಹೆಣ್ಣಿಗೂ ತಂದೆ ಒಂದೇ ಎಂಬುದು ಎರಡೂ ಮನೆಯವರಿಗೆ ಗೊತ್ತಿಲ್ಲ. ಅವೆರಡನ್ನು ಕೂಡಿಸಿದರೆ ಹುಟ್ಟುವ ನಾಲ್ಕರಲ್ಲೊಂದು ಮರಿ ಬ್ರೂನೋ ಆಗಬಹುದು.

ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಯಾರೂ ಮುಂಚಿತವಾಗಿ ನೋಡಲಿಲ್ಲ, ಅಷ್ಟೆ.

ನಾಯಿಯಿಂದ ಮನುಷ್ಯನಿಗೆ

ಈ ರೋಗವನ್ನು ಲೋಕ ಗುರುತಿಸಿ ನೂರು ವರ್ಷಗಳ ಮೇಲಾಯಿತು. 1911ರಲ್ಲಿ ಸ್ವೀಡನ್ನಿನ ಮ್ಯಾಗ್ನುಸ್ಸನ್ ಎಂಬವರು ಗಾರ್ಡನ್ ಸೆಟ್ಟರ್ ತಳಿಯ ನಾಯಿಗಳಲ್ಲಿ ಇದನ್ನು ವಿವರಿಸಿದರು. 1940ರ ದಶಕದಲ್ಲಿ ಬ್ರಿಟನ್ನಿನ ಐರಿಶ್ ಸೆಟ್ಟರ್ ನಾಯಿಗಳಲ್ಲಿ ಇರುಳುಗುರುಡು ದೊಡ್ಡ ಪಿಡುಗಾಗಿತ್ತು. ಆಗ ವಾಹಕವನ್ನು ಪತ್ತೆ ಮಾಡಲು ಇದ್ದ ದಾರಿ ಒಂದೇ. ಸಂಶಯವಿದ್ದ ನಾಯಿಯನ್ನು ಕುರುಡು ನಾಯಿಯೊಂದಿಗೆ ಕೂಡಿಸಿ, ಹುಟ್ಟಿದ ಮರಿಗಳಲ್ಲಿ ಕುರುಡು ಬರುತ್ತದೆಯೇ ಎಂದು ಕಾಯುವುದು! ಒಂದು ನಾಯಿಯ ಗುಣ ತಿಳಿಯಲು ಇನ್ನಷ್ಟು ಕುರುಡು ಮರಿಗಳನ್ನು ಹುಟ್ಟಿಸಬೇಕಿತ್ತು.

ಆ ಕ್ರೂರ ಪರೀಕ್ಷೆ 1993ರಲ್ಲಿ ಅನಗತ್ಯವಾಯಿತು. ಐರಿಶ್ ಸೆಟ್ಟರ್ ನಾಯಿಯ ರೋಗಕ್ಕೆ ಕಾರಣವಾದ ವಂಶವಾಹಿಯ ದೋಷ ಆ ವರ್ಷ ಪತ್ತೆಯಾಯಿತು. 2005ರಲ್ಲಿ ತಾಷಾ ಎಂಬ ಬಾಕ್ಸರ್ ನಾಯಿಯ ಇಡೀ ವಂಶಲಿಪಿಯನ್ನು ಓದಿ ಪ್ರಕಟಿಸಲಾಯಿತು. ಮರುವರ್ಷ, ಅಂದರೆ 2006ರಲ್ಲಿ, ಲ್ಯಾಬ್ರಡಾರ್, ಕಾಕರ್ ಸ್ಪೇನಿಯಲ್, ಪೂಡಲ್ ಮುಂತಾದ ಅನೇಕ ತಳಿಗಳಲ್ಲಿ ಇರುವ ಪಿ.ಆರ್.ಎ. ಬಗೆಯೊಂದರ ಮೂಲ ಸಿಕ್ಕಿತು. ವಂಶಲಿಪಿಯ ಕೋಟಿಗಟ್ಟಲೆ ಅಕ್ಷರಗಳಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ವಿಜ್ಞಾನಿಗಳು ಬೆರಗಾದದ್ದು ಇನ್ನೊಂದು ಕಾರಣಕ್ಕೆ. ಅದೇ ವಂಶವಾಹಿಯಲ್ಲಿ, ಅದೇ ಅಕ್ಷರದ ತಪ್ಪು, ಇರುಳುಗುರುಡಿನಿಂದ ಬಳಲುವ ಮನುಷ್ಯ ರೋಗಿಯೊಬ್ಬರಲ್ಲಿಯೂ ಕಂಡುಬಂದಿತ್ತು.

ಹೌದು, ಈ ರೋಗ ಮನುಷ್ಯರಿಗೂ ಉಂಟು. ನೇತ್ರತಜ್ಞರು ರೆಟಿನೈಟಿಸ್ ಪಿಗ್ಮೆಂಟೋಸಾ ಎನ್ನುವುದು ನಾಯಿಯ ಪಿ.ಆರ್.ಎ.ಯ ಮಾನವ ರೂಪ. ಅದರಿಂದಾಗಿಯೇ ನಾಯಿಯ ಕಣ್ಣು ನೋಡಿದವರು ಮನುಷ್ಯನ ಕಣ್ಣಿಗೂ ದಾರಿ ತೋರಿಸಿದರು. ಸ್ವೀಡನ್ನಿನ ಬ್ರಿಯಾರ್ಡ್ ತಳಿಯ ನಾಯಿಗಳಲ್ಲಿ ಹುಟ್ಟಿನಿಂದಲೇ ದೃಷ್ಟಿ ಮಂದವಾಗಿರುವ ರೋಗವೊಂದಿತ್ತು. ಆರ್.ಪಿ.ಇ. 65 ಎಂಬ ವಂಶವಾಹಿಯ ದೋಷದಿಂದ ಬರುವ ಈ ಕುರುಡು ಮಕ್ಕಳಲ್ಲಿಯೂ ಇದೆ. 2001ರಲ್ಲಿ ಅಮೆರಿಕದ ವಿಜ್ಞಾನಿಗಳು ಸರಿಯಾದ ವಂಶವಾಹಿಯನ್ನು ನಿರಪಾಯಕಾರಿ ವೈರಸ್ಸಿನ ಬೆನ್ನೇರಿಸಿ, ಈ ದೋಷವಿದ್ದ ನಾಯಿಗಳ ಅಕ್ಷಿಪಟಲದಡಿಗೆ ಚುಚ್ಚಿದರು. ನಾಯಿಗಳಿಗೆ ದೃಷ್ಟಿ ಬಂತು. ಅವುಗಳಲ್ಲೊಂದಾದ ಲ್ಯಾನ್ಸ್‌ಲಾಟ್ ಅಮೆರಿಕದ ಸಂಸತ್ ಭವನಕ್ಕೂ ಹೋಗಿ ಬಂತು. 2007ರಲ್ಲಿ ಮನುಷ್ಯರ ಮೇಲೆ ಪ್ರಯೋಗ ಆರಂಭವಾಗಿ, 2017ರ ಡಿಸೆಂಬರಿನಲ್ಲಿ ಆ ಚಿಕಿತ್ಸೆಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಅಂದು ಎರಡು ಕಣ್ಣಿಗೆ ಅದರ ಬೆಲೆ ಎಂಟೂವರೆ ಲಕ್ಷ ಡಾಲರು! ಅದೂ ಈ ಒಂದು ವಂಶವಾಹಿಯ ದೋಷಕ್ಕೆ ಮಾತ್ರ, ಅದೂ ಕೋಶಗಳು ಸಾಯುವ ಮುನ್ನ ಕೊಟ್ಟರೆ ಮಾತ್ರ.

ಬ್ರೂನೋವಿನಂತಹ ನಾಯಿಗೆ ಆ ಚಿಕಿತ್ಸೆ ಎಟುಕುವುದಿಲ್ಲ. ಎಟುಕುವುದು ತಪಾಸಣೆ.

ಕಣ್ಣು ನೋಡುವುದು ಹೇಗೆ?

ತಪಾಸಣೆಗೆ ಎರಡು ದಾರಿಗಳಿವೆ, ಎರಡೂ ಬೇಕು.

ಮೊದಲನೆಯದು ಕಣ್ಣನ್ನೇ ನೋಡುವುದು. ನಾಯಿಯ ಕಣ್ಣಿಗೆ ಪಾಪೆ ಅಗಲಿಸುವ ಹನಿ ಹಾಕಿ ಸುಮಾರು ಇಪ್ಪತ್ತು ನಿಮಿಷ ಕಾಯುತ್ತಾರೆ. ಆಮೇಲೆ ಕತ್ತಲ ಕೋಣೆಯಲ್ಲಿ ನೇತ್ರದರ್ಶಕದಿಂದ ಅಕ್ಷಿಪಟಲವನ್ನು ಪರೀಕ್ಷಿಸುತ್ತಾರೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ರೂಪಿಸಿದ ಉಪಕರಣದ ಇಂದಿನ ರೂಪ ಅದು. ಪೊರೆ ಇದೆಯೇ, ರಕ್ತನಾಳಗಳು ಸಪುರವಾಗಿವೆಯೇ, ಕನ್ನಡಿ ಪದರ ಅತಿಯಾಗಿ ಹೊಳೆಯುತ್ತಿದೆಯೇ ಎಂದೆಲ್ಲ ಅದರಲ್ಲಿ ತಿಳಿಯುತ್ತದೆ. ನೋವಿಲ್ಲ, ಅರಿವಳಿಕೆಯೂ ಬೇಡ. ಸಂಶಯ ಉಳಿದರೆ ಅಕ್ಷಿಪಟಲದ ವಿದ್ಯುತ್ ಸ್ಪಂದನವನ್ನು ಅಳೆಯುವ ಇ.ಆರ್.ಜಿ. ಪರೀಕ್ಷೆ ಉಂಟು. ಹೃದಯಕ್ಕೆ ಇ.ಸಿ.ಜಿ. ಇದ್ದಂತೆ ಇದು ಕಣ್ಣಿಗೆ. ಹೊರಗೆ ಏನೂ ಕಾಣದ ಹಂತದಲ್ಲೇ ಕೋಶಗಳು ಸೋಲುತ್ತಿರುವುದನ್ನು ಇದು ಹೇಳಬಲ್ಲದು.

ಕಣ್ಣು ನೋಡುವ ಪರೀಕ್ಷೆಗೆ ಒಂದು ಮಿತಿಯಿದೆ. ಇಂದು ಚೆನ್ನಾಗಿದೆ ಎಂದರೆ ಇಂದಿಗಷ್ಟೇ ಚೆನ್ನ. ಅಮೆರಿಕದಲ್ಲಿ ನಾಯಿಯ ಕಣ್ಣಿನ ಪ್ರಮಾಣಪತ್ರಕ್ಕೆ ಹನ್ನೆರಡು ತಿಂಗಳ ಆಯುಸ್ಸು ಮಾತ್ರ ಇರುವುದು ಅದಕ್ಕೇ. ಸಂತಾನಕ್ಕೆ ಬಳಸುವ ನಾಯಿಯನ್ನು ವರ್ಷವರ್ಷವೂ ತೋರಿಸಬೇಕು. ಕೆಲವು ರೋಗಗಳಲ್ಲಿ ಇದು ಉಲ್ಟಾ. ಕೋಲಿ ತಳಿಯ ನಾಯಿಗಳಿಗೆ ಹುಟ್ಟಿನಿಂದ ಬರುವ ಕಣ್ಣಿನ ದೋಷವೊಂದನ್ನು ಆರೇಳು ವಾರದ ಮರಿಯಲ್ಲೇ ನೋಡಬೇಕು. ಮೂರು ತಿಂಗಳು ದಾಟಿದರೆ ಕಣ್ಣಿನೊಳಗಿನ ಬಣ್ಣ ಗಾಢವಾಗಿ, ದೋಷ ಅದರ ಹಿಂದೆ ಮರೆಯಾಗಬಹುದು. ಆಗ ದೋಷವಿರುವ ನಾಯಿಯೂ ಚೆನ್ನಾಗಿರುವಂತೆಯೇ ತೋರುತ್ತದೆ.

ಎರಡನೆಯ ದಾರಿ ಡಿ.ಎನ್.ಎ. ಪರೀಕ್ಷೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ, ಅಥವಾ ಸ್ವಲ್ಪ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರಾಯಿತು. ಮರಿ ಇರುವಾಗಲೇ, ಜೀವಮಾನದಲ್ಲಿ ಒಂದೇ ಸಲ ಮಾಡಿದರೆ ಸಾಕು. ಫಲಿತಾಂಶ ಮೂರರಲ್ಲಿ ಒಂದು: ಚೆನ್ನ, ವಾಹಕ, ರೋಗ ಬರುವುದು. ಕಣ್ಣು ನೋಡಿ ಎಂದಿಗೂ ತಿಳಿಯಲಾಗದ ವಾಹಕವನ್ನು ಇದು ತೋರಿಸಿಕೊಡುತ್ತದೆ. ಇದರ ಮಿತಿ ಬೇರೆ. ಯಾವ ದೋಷವನ್ನು ಹುಡುಕಲು ಹೇಳಿದ್ದೇವೋ ಅದನ್ನು ಮಾತ್ರ ಹುಡುಕುತ್ತದೆ. ಪಿ.ಆರ್.ಎ.ಗೆ ಕಾರಣವಾಗುವ ದೋಷಗಳು ಹಲವಾರು, ತಳಿಯಿಂದ ತಳಿಗೆ ಬೇರೆ ಬೇರೆ. ಲ್ಯಾಬ್ರಡಾರಿನ ಪರೀಕ್ಷೆ ಐರಿಶ್ ಸೆಟ್ಟರಿಗೆ ಆಗುವುದಿಲ್ಲ.

ವಾಹಕವೆಂದು ತಿಳಿದ ನಾಯಿಯನ್ನು ಏನು ಮಾಡುವುದು? ಮನೆಯಿಂದ ಹೊರಗಟ್ಟಬೇಕಾಗಿಲ್ಲ. ಅದಕ್ಕೆ ರೋಗವಿಲ್ಲ, ಬರುವುದೂ ಇಲ್ಲ. 'ಚೆನ್ನ' ಎಂದು ಖಚಿತವಾದ ನಾಯಿಯೊಂದಿಗೆ ಅದನ್ನು ಕೂಡಿಸಿದರೆ ಒಂದು ಮರಿಗೂ ಆ ರೋಗ ಬರುವುದಿಲ್ಲ, ಅರ್ಧ ಮರಿಗಳು ವಾಹಕವಾದಾವು. ಅವುಗಳಲ್ಲಿ ಚೆನ್ನಾಗಿರುವುದನ್ನು ಆರಿಸಿಕೊಂಡರೆ ಎರಡು ತಲೆಮಾರಿನಲ್ಲಿ ದೋಷ ದೂರ. ವಾಹಕಗಳನ್ನೆಲ್ಲ ಒಮ್ಮೆಲೇ ಕೈಬಿಟ್ಟರೆ ತಳಿಯ ಒಳ್ಳೆಯ ಗುಣಗಳೂ ಅವುಗಳೊಂದಿಗೆ ಹೋಗುತ್ತವೆ. ಅದರಲ್ಲೂ ಸಂಖ್ಯೆ ಕಡಿಮೆ ಇರುವ ತಳಿಗಳಲ್ಲಿ ಈ ಎಚ್ಚರ ಬೇಕು. ನಮ್ಮದೇ ಮುಧೋಳ ನಾಯಿಯನ್ನು ನೋಡಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ಬೇಟೆ ನಾಯಿಗಾಗಿ ಮುಧೋಳ ಬಳಿಯ ತಿಮ್ಮಾಪುರದಲ್ಲಿ ಪ್ರತ್ಯೇಕ ಸಂಶೋಧನಾ ಕೇಂದ್ರವೇ ಇದೆ. ಇಂಥ ತಳಿಯನ್ನು ಉಳಿಸುವುದೆಂದರೆ ಸಂಖ್ಯೆ ಹೆಚ್ಚಿಸುವುದಷ್ಟೇ ಅಲ್ಲ, ಯಾವ ಮರಿಗೆ ಯಾವ ತಂದೆ ಎಂದು ಬರೆದಿಡುವುದೂ ಹೌದು.

ಕುರುಡೆಲ್ಲ ವಂಶದ್ದಲ್ಲ

ನಾಯಿಗೆ ಕಣ್ಣು ಮಂದವಾದರೆ ಅದು ವಂಶದ ರೋಗವೇ ಎಂದು ನಿರ್ಧರಿಸಿ ಕೈಚೆಲ್ಲಿ ಕೂರಬೇಡಿ. ಕರಾವಳಿಯ ಮಳೆ ಮತ್ತು ಸೆಕೆಗೆ ಉಣ್ಣಿಗಳು ಧಾರಾಳ. ಉಣ್ಣಿ ಕಚ್ಚಿ ಬರುವ ಜ್ವರದಿಂದ ಕಣ್ಣಿನೊಳಗೆ ಉರಿಯೂತವಾಗಬಹುದು. ಸಕಾಲದಲ್ಲಿ ಮದ್ದು ಮಾಡಿದರೆ ದೃಷ್ಟಿ ಉಳಿದೀತು. ಸಕ್ಕರೆ ಕಾಯಿಲೆಯ ನಾಯಿಗೆ ಪೊರೆ ಬೇಗ ಬರುತ್ತದೆ. ಕಣ್ಣು ಕೆಂಪಾಗಿ, ಉಬ್ಬಿ, ನೋವಿನಿಂದ ನಾಯಿ ತಲೆ ತಗ್ಗಿಸಿ ಕುಳಿತರೆ ಅದು ಗ್ಲಾಕೋಮಾ ಆಗಿರಬಹುದು. ಅದಕ್ಕೆ ನಾಳೆ ಎನ್ನುವಂತಿಲ್ಲ, ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ಇನ್ನು ಏಳೆಂಟು ವರ್ಷ ದಾಟಿದ ನಾಯಿಯ ಕಣ್ಣು ನೀಲಿಯಾಗಿ ಮಸುಕಾಗಿ ಕಾಣುವುದು ಬಹುಮಟ್ಟಿಗೆ ಪ್ರಾಯದ ಲಕ್ಷಣ, ಅದರಿಂದ ಕುರುಡು ಬರುವುದಿಲ್ಲ.

ಒಂದು ಮೋಸ ಮಾತ್ರ ನೆನಪಿಡಿ. ಪಿ.ಆರ್.ಎ. ಇರುವ ನಾಯಿಗೆ ಕೊನೆಕೊನೆಗೆ ಪೊರೆಯೂ ಬರುತ್ತದೆ. ಬಿಳಿ ಪೊರೆ ಎದ್ದು ಕಾಣುವುದರಿಂದ, ಅದನ್ನು ತೆಗೆದರೆ ಸರಿಯಾದೀತು ಎಂದು ಮನೆಯವರು ಆಶಿಸುತ್ತಾರೆ. ಹಿಂದಿನ ಅಕ್ಷಿಪಟಲವೇ ಸತ್ತಿದ್ದರೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ. ಪೊರೆ ತೆಗೆಯುವ ಮುನ್ನ ಇ.ಆರ್.ಜಿ. ಮಾಡುವುದು ಅದಕ್ಕೇ.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಬಹುದು. ಹತ್ತಿಯ ಉಂಡೆಯೊಂದನ್ನು ನಾಯಿಯ ಎದುರು ಮೇಲಿನಿಂದ ಬಿಡಿ. ಹತ್ತಿಗೆ ಸದ್ದಿಲ್ಲ, ವಾಸನೆಯೂ ಹೆಚ್ಚಿಲ್ಲ. ಕಣ್ಣು ಕಾಣುವ ನಾಯಿ ತಲೆಯಾಡಿಸಿ ಅದನ್ನು ಹಿಂಬಾಲಿಸುತ್ತದೆ. ಆಮೇಲೆ ಚಾವಡಿಯಲ್ಲಿ ಕುರ್ಚಿ, ಬಾಲ್ದಿಗಳನ್ನು ಅಡ್ಡಾದಿಡ್ಡಿ ಇಟ್ಟು, ಒಮ್ಮೆ ಪೂರ್ಣ ಬೆಳಕಿನಲ್ಲಿ, ಒಮ್ಮೆ ಮಂದ ಬೆಳಕಿನಲ್ಲಿ ನಾಯಿಯನ್ನು ಕರೆಯಿರಿ. ಬೆಳಕಿನಲ್ಲಿ ಸಲೀಸಾಗಿ ಬಂದು ಮಂದ ಬೆಳಕಿನಲ್ಲಿ ತಡವರಿಸಿದರೆ, ಕಂಡದ್ದನ್ನು ದಿನಾಂಕ ಸಹಿತ ಬರೆದು ಪಶುವೈದ್ಯರಿಗೆ ತೋರಿಸಿ. ಇದು ರೋಗ ನಿರ್ಣಯವಲ್ಲ. ಆದರೆ ವೈದ್ಯರಿಗೆ ಬಹಳ ಉಪಯೋಗದ ಟಿಪ್ಪಣಿ.

ಮರಿ ತರುವ ಮುನ್ನ

ಮಕ್ಕಳು ಹಟ ಮಾಡುತ್ತಾರೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಮರಿ ತರುತ್ತೇವೆ ಎಂದು ಅಪ್ಪ ಅಮ್ಮ ಮಾತು ಕೊಡುತ್ತಾರೆ. ಆಮೇಲೆ ಬಣ್ಣ, ಮೂತಿ, ಬೆಲೆ ನೋಡಿ ಮರಿ ಬರುತ್ತದೆ. ಫ್ರಿಜ್ಜು ಕೊಳ್ಳುವಾಗ ಗ್ಯಾರಂಟಿ ಕಾರ್ಡು ಕೇಳುವ ನಾವು, ಹತ್ತು ಹನ್ನೆರಡು ವರ್ಷ ಜೊತೆಗಿರುವ ಜೀವದ ತಂದೆ ತಾಯಿ ಯಾರೆಂದು ಕೇಳುವುದಿಲ್ಲ.

ಕೇಳಬೇಕಾದದ್ದು ನಾಲ್ಕೇ ಮಾತು. ತಾಯಿಯನ್ನು ತೋರಿಸುತ್ತೀರಾ? ತಂದೆ ಯಾವುದು, ಇವೆರಡಕ್ಕೂ ಸಂಬಂಧ ಉಂಟೇ? ಇವುಗಳ ಕಣ್ಣು ಪರೀಕ್ಷೆ ಮಾಡಿಸಿದ್ದೀರಾ, ಚೀಟಿ ಇದೆಯೇ? ಇವುಗಳ ಹಿಂದಿನ ಮರಿಗಳು ಈಗ ಹೇಗಿವೆ? ಉತ್ತರ ಸಿಗದಿದ್ದರೆ ಜಗಳ ಬೇಡ, ಬೇರೆ ಕಡೆ ನೋಡಿದರಾಯಿತು. ಕೊಳ್ಳುವವರು ಕೇಳತೊಡಗಿದರೆ ಮಾರುವವರು ಮಾಡಿಸತೊಡಗುತ್ತಾರೆ. ಕಾಯಿದೆಯೂ ಬೆಂಬಲಕ್ಕಿದೆ. ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳು ತುಂಬದ ನಾಯಿಯನ್ನು ಸಂತಾನಕ್ಕೆ ಬಳಸುವಂತಿಲ್ಲ.

ನಮ್ಮ ಜಿಲ್ಲೆಯಲ್ಲಿ ಮೊದಲ ಬಾಗಿಲು ಹತ್ತಿರದ ಪಶು ಆಸ್ಪತ್ರೆ. ರೇಬೀಸ್ ಚುಚ್ಚುಮದ್ದಿಗೆಂದು ವರ್ಷಕ್ಕೊಮ್ಮೆ ಹೇಗೂ ನಾಯಿಯನ್ನು ಒಯ್ಯುತ್ತೇವೆ. ಅಂದೇ ಕಣ್ಣನ್ನೂ ನೋಡಿ ಎನ್ನಬಹುದು. ಹೆಚ್ಚಿನ ಪರೀಕ್ಷೆ ಬೇಕೆಂದಾದರೆ ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತಿದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಇದೆ. ಎಲ್ಲಿ ಯಾವ ಪರೀಕ್ಷೆ ಸಿಗುತ್ತದೆಂದು ಮೊದಲೇ ಫೋನಿನಲ್ಲಿ ವಿಚಾರಿಸಿ ಹೊರಡುವುದು ಒಳ್ಳೆಯದು. ಡಿ.ಎನ್.ಎ. ಮಾದರಿಗಾದರೆ ಪ್ರಯಾಣವೇ ಬೇಡ, ವೈದ್ಯರು ತೆಗೆದದ್ದನ್ನು ಅಂಚೆಯಲ್ಲಿ ಕಳಿಸಬಹುದು.

ಊರ ನಾಯಿಯ ಮರಿಯನ್ನು ಸಾಕುವವರಿಗೆ ಒಂದು ಅನುಕೂಲ ಹೆಚ್ಚು. ಹಲವು ರಕ್ತ ಬೆರೆತ ನಾಯಿಯಲ್ಲಿ ಒಂದೇ ದೋಷದ ಎರಡು ಪ್ರತಿಗಳು ಒಟ್ಟು ಸೇರುವ ಸಂಭವ ಕಡಿಮೆ. ಇಲ್ಲವೇ ಇಲ್ಲ ಎಂದಲ್ಲ, ಕಡಿಮೆ.

ಬರಿ ನೋಡುವ ನಾಡಿನಲ್ಲಿ

ತುಳುನಾಡಿನಲ್ಲಿ ಮದುವೆಯ ಮಾತು ಎದ್ದರೆ ಅಳಿಯಕಟ್ಟಿನ ಮನೆತನಗಳಲ್ಲಿ ಮೊದಲು ಕೇಳುವುದು 'ಬರಿ' ಯಾವುದೆಂದು. ಒಂದೇ ಬರಿಯವರು ಅಣ್ಣ ತಂಗಿಯರಂತೆ, ಅವರೊಳಗೆ ಸಂಬಂಧ ಕೂಡದು. ವಂಶವಾಹಿ ಎಂಬ ಶಬ್ದ ಹುಟ್ಟುವ ಎಷ್ಟೋ ಮೊದಲೇ ಹಿರಿಯರು ಹಾಕಿಕೊಂಡ ಗೆರೆ ಇದು. ಆದರೆ ಬರಿ ಸಾಗುವುದು ತಾಯಿಯ ಕಡೆಯಿಂದ ಮಾತ್ರ. ಸೋದರಮಾವನ ಮಗಳ ಬರಿ ಬೇರೆ. ಹಾಗಾಗಿ ಆ ಸಂಬಂಧಕ್ಕೆ ಬರಿ ಅಡ್ಡಬರುವುದಿಲ್ಲ. ವಂಶವಾಹಿಯಾದರೋ ತಾಯಿಯ ಕಡೆ, ತಂದೆಯ ಕಡೆ ಎಂಬ ಭೇದ ಮಾಡದು. ಸೋದರ ಸಂಬಂಧಿಗಳಲ್ಲಿ ವಂಶವಾಹಿಗಳ ಸರಾಸರಿ ಎಂಟನೇ ಒಂದು ಪಾಲು ಒಂದೇ ಮೂಲದ್ದು, ಸೋದರಮಾವ ಮತ್ತು ಸೊಸೆಯಲ್ಲಿ ನಾಲ್ಕನೇ ಒಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೆ ಆಗಿದೆ.

ಮನುಷ್ಯರನ್ನು ನಾಯಿಗಳೊಂದಿಗೆ ಹೋಲಿಸುವುದು ಇಲ್ಲಿ ಉದ್ದೇಶವಲ್ಲ. ಸಂಬಂಧದೊಳಗೆ ಮದುವೆಯಾದ ಬಹುಪಾಲು ದಂಪತಿಗಳ ಮಕ್ಕಳು ಆರೋಗ್ಯವಾಗಿಯೇ ಇದ್ದಾರೆ. ಆದರೆ ಮನೆತನದಲ್ಲಿ ಯಾರಿಗಾದರೂ ಇರುಳುಗುರುಡು ಇದ್ದರೆ, ಮಗುವೊಂದು ಸಂಜೆಯಾದೊಡನೆ ಎಡವುತ್ತಿದ್ದರೆ, ಅದನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ. ಮೊದಲು ನೇತ್ರತಜ್ಞರಿಗೆ ತೋರಿಸಬೇಕು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ತಳಿವಿಜ್ಞಾನಕ್ಕೇ ಒಂದು ವಿಭಾಗವಿದೆ. ವಂಶದ ರೋಗಗಳ ಬಗ್ಗೆ ಕುಟುಂಬದವರು ಕುಳಿತು ಕೇಳಿ ತಿಳಿದುಕೊಳ್ಳಬಹುದು. ಮನುಷ್ಯರಾದ ನಮಗೆ ತಿಳಿದುಕೊಂಡು ನಿರ್ಧರಿಸುವ ಸ್ವಾತಂತ್ರ್ಯ ಇದೆ. ನಾಯಿಗೆ ಅದು ಇಲ್ಲ. ಅದರ ಜೋಡಿಯನ್ನು ಆರಿಸುವವರು ನಾವೇ. ಆದ್ದರಿಂದ ಅದರ ಪರವಾಗಿ ತಿಳಿದುಕೊಳ್ಳಬೇಕಾದವರೂ ನಾವೇ.

ಮತ್ತೆ ಕಾಪುವಿನ ಮನೆಗೆ

ಬ್ರೂನೋವಿನ ಕಣ್ಣು ಮರಳಿ ಬಾರದು. ಹಾಗೆಂದು ಅದರ ಬದುಕು ಮುಗಿಯಲಿಲ್ಲ. ನಾಯಿಗೆ ಲೋಕ ಕಣ್ಣಿಗಿಂತ ಹೆಚ್ಚಾಗಿ ಮೂಗಿನಲ್ಲಿದೆ. ದೃಷ್ಟಿ ನಿಧಾನವಾಗಿ ಹೋಗುವುದರಿಂದ ಅದು ಮನೆಯ ನಕ್ಷೆಯನ್ನು ಮನಸ್ಸಿನಲ್ಲೇ ಬರೆದುಕೊಳ್ಳುತ್ತದೆ. ಮನೆಯವರು ಮಾಡಬೇಕಾದದ್ದು ಇಷ್ಟು. ಕುರ್ಚಿ ಮಂಚಗಳ ಜಾಗ ಬದಲಿಸಬಾರದು. ಅನ್ನದ ಬಟ್ಟಲು, ನೀರಿನ ಪಾತ್ರೆ ಇದ್ದಲ್ಲೇ ಇರಬೇಕು. ಕಟ್ಟೆಯಿಲ್ಲದ ಬಾವಿಗೆ, ತೋಟದ ಮದಗಕ್ಕೆ ಬೇಲಿ ಹಾಕಬೇಕು. ರಸ್ತೆಗೆ ಹೋಗುವಾಗ ಹಗ್ಗ ಬಿಡಬಾರದು. ಮುಟ್ಟುವ ಮುನ್ನ ಹೆಸರು ಕರೆಯಬೇಕು, ಬೆಚ್ಚಿ ಕಚ್ಚುವುದು ತಪ್ಪುತ್ತದೆ. ಚೆಂಡಿನೊಳಗೆ ಗೆಜ್ಜೆ ಇದ್ದರೆ ಆಟವೂ ನಿಲ್ಲದು.

ಹುಡುಗನಿಗೆ ಇನ್ನೊಂದು ಕೆಲಸವೂ ಉಂಟು. ಬ್ರೂನೋವನ್ನು ಕೊಟ್ಟ ಮನೆಗೆ ಅಪ್ಪನೊಂದಿಗೆ ಹೋಗಿ ವಿಷಯ ತಿಳಿಸಬೇಕು, ದೂರಲಿಕ್ಕಲ್ಲ. ಅದರ ಒಡಹುಟ್ಟಿದ ಮರಿಗಳು ಎಲ್ಲೆಲ್ಲಿಗೆ ಹೋಗಿವೆಯೆಂದು ಕೇಳಿ, ಆ ಮನೆಗಳಿಗೂ ಹೇಳಬೇಕು. ಕಾರ್ಕಳದಲ್ಲಿ ಅದರ ತಂಗಿಯೊಂದು ಬೆದೆಗೆ ಬಂದಿರಬಹುದು. ಮನೆಯವರು ಗಂಡು ನಾಯಿಯನ್ನು ಹುಡುಕುತ್ತಿರಬಹುದು. ಒಂದು ಮಾತು ಹೋಗಿ ಮುಟ್ಟಿದರೆ, ಒಂದು ಹತ್ತಿಯ ಕಡ್ಡಿ ಅದರ ಕೆನ್ನೆಗೆ ತಾಗಿದರೆ, ಮುಂದಿನ ಸೂಲಿನ ಮರಿಗಳು ಮುಸ್ಸಂಜೆಯಲ್ಲಿಯೂ ಮೆಟ್ಟಿಲಿಳಿದು ಓಡಿಯಾವು.